ಮೂರು ದಿನದ ಹಾಲು

ಕೊಟ್ಟೂರು
12-6-1998

ಪ್ರೀತಿಯ ರಮಾ,

ನನ್ನ ಅಕ್ಷರ ನಿನಗೆ ಗುರುತು ಸಿಗುತ್ತದೋ ಇಲ್ಲವೋ. ಎರಡು ವರ್ಷದಿಂದ ನಾನೂ ಬರೆದಿಲ್ಲ, ನೀನೂ ಬರೆದಿಲ್ಲ. ಹೋದ ವಾರ ಬಸ್ ಸ್ಟ್ಯಾಂಡಿನಲ್ಲಿ ನಿಮ್ಮಣ್ಣ ಕ್ರಾಂತಿಕುಮಾರ್ ಸಿಕ್ಕಿದ್ದ. ನಿನಗೆ ಹೊಳಲಿನ ಆರೋಗ್ಯ ಉಪಕೇಂದ್ರಕ್ಕೆ ವರ್ಗವಾಗಿದೆ ಎಂದು ವಿಳಾಸ ಬರೆದುಕೊಟ್ಟ. "ಒಂದು ಕಾಗದ ಬರೀ ಗಂಗಾ. ನಿನ್ನ ಹೆಸರು ತಗದ್ರ ಸಾಕು, ನಮ್ ರಮಾ ಸುಮ್ಮನಾಗಿಬಿಡ್ತಾಳ" ಎಂದ. ಯಾಕೆ ಎಂದು ನಾನು ಕೇಳಲಿಲ್ಲ.

ನಾನು ಮತ್ತೆ ಬಸುರಿ. ನಾಲ್ಕು ತಿಂಗಳು.

ಈ ಸಲ ಎಲ್ಲವನ್ನೂ ಮೊದಲೇ ನಿಶ್ಚಯ ಮಾಡಿಕೊಳ್ಳಬೇಕು ಎಂದುಕೊಂಡಿದ್ದೆ. ನೋಡಿದರೆ ಎಲ್ಲ ನಿಶ್ಚಯವಾಗಿಯೇ ಹೋಗಿದೆ, ನನ್ನೊಬ್ಬಳನ್ನು ಬಿಟ್ಟು. ಬಾಗಳಿಯಲ್ಲಿ ನಮ್ಮವ್ವ ಕೋಣೆಗೆ ಸುಣ್ಣ ಹೊಡೆಸುತ್ತಿದ್ದಾಳಂತೆ. ಅದೇ ಕೋಣೆ, ಅದೇ ಸೂಲಗಿತ್ತಿ ಅಂಜಿನಕ್ಕ. ನಮ್ಮ ಮನೆಯವರನ್ನು ಕೇಳಿದರೆ ಅಂಗಡಿಯ ಪಂಪ್‌ಸೆಟ್ ಸಾಮಾನು ಎಣಿಸುತ್ತಲೇ, "ಹೆಣ್ಮಕ್ಕಳ ವಿಷಯದಾಗ ನಾ ಏನು ಹೇಳ್ಲಿ? ನಿಮ್ಮವ್ವ ಹೆಂಗಂತಾರೋ ಹಂಗ" ಎನ್ನುತ್ತಾರೆ.

ಹೋದ ಸಲ ಅವ್ವ ಹೇಳಿದಂತೆಯೇ ಆಯಿತಲ್ಲ. ಮಗ ಹುಟ್ಟಿದ ಮೇಲೆ ಮೂರು ದಿನ ನನ್ನ ಹಾಲು ಹಿಂಡಿ ಚೆಲ್ಲಿದರು. ಕೂಸಿಗೆ ಜೇನು, ಸಕ್ಕರೆ ನೀರು. ನಾಲ್ಕನೇ ದಿನ ಎದೆಗೆ ಹಾಕಿದರೆ ಅದು ಬಾಯಿ ಹಾಕಲಿಲ್ಲ. ಆಮೇಲೆ ಆಕಳ ಹಾಲಿಗೆ ನೀರು ಬೆರೆಸಿ ಹತ್ತಿಯ ಬತ್ತಿಯಲ್ಲಿ ಬಾಯಿಗೆ ಹಿಂಡಿದರು. ಭೇದಿ ಹತ್ತಿತು. ಒಂಬತ್ತನೇ ದಿನ ಕೂಸು ಹೋಯಿತು.

ನೀನು ನರ್ಸು. ಈ ಸಲ ನಾನು ಏನು ಮಾಡಬೇಕು ಹೇಳು. ಆಗ ನೀನು ಬಾಗಳಿಗೆ ಎರಡು ಮೈಲಿ ದೂರದಲ್ಲೇ ಇದ್ದೆ, ಬರಲಿಲ್ಲ. ಇರಲಿ, ಅದನ್ನು ಕೆದಕುವುದಕ್ಕೆ ಈ ಕಾಗದ ಬರೆಯುತ್ತಿಲ್ಲ. ಉತ್ತರವನ್ನು ನಾನು ಕಲಿಸುವ ಶಾಲೆಯ ವಿಳಾಸಕ್ಕೆ ಬರಿ. ಮನೆಗೆ ಬೇಡ.

ನಿನ್ನ
ಗಂಗಾಂಬಿಕಾ


ಹೊಳಲು
24-6-1998

ಗಂಗಾ,

ಕಾಗದ ಬಂತು. ಅಕ್ಷರ ಗುರುತು ಸಿಕ್ಕಿತು. ಹರಪನಹಳ್ಳಿ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತಾಗ ಹೇಗೆ 'ಳ'ಕ್ಕೆ ಬಾಲ ಎಳೆಯುತ್ತಿದ್ದೆಯೋ ಈಗಲೂ ಹಾಗೇ ಎಳೆಯುತ್ತೀಯ.

ಕೇಳಿದ್ದಕ್ಕೆ ಉತ್ತರ. ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಿ ತೂಕ, ಬಿ.ಪಿ. ನೋಡಿಸು. ಟಿ.ಟಿ. ಸೂಜಿ ತಪ್ಪಿಸಬೇಡ. ಕಬ್ಬಿಣದ ಗುಳಿಗೆ ದಿನಕ್ಕೊಂದು. ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು. ಯಾವ ಆಸ್ಪತ್ರೆ, ಯಾರ ಗಾಡಿ, ಜೊತೆಗೆ ಯಾರು ಎನ್ನುವುದನ್ನು ಎಂಟನೇ ತಿಂಗಳ ಒಳಗೆ ಗೊತ್ತು ಮಾಡಿಟ್ಟುಕೋ. ಮಗು ಹುಟ್ಟಿದ ಅರ್ಧ ಗಂಟೆಯೊಳಗೆ ಎದೆಗೆ ಹಾಕಬೇಕು. ಮೊದಲ ದಿನಗಳ ಹಳದಿ ಹಾಲು ಒಂದು ಹನಿಯೂ ಚೆಲ್ಲಕೂಡದು. ರೋಗ ತಡೆಯುವ ಶಕ್ತಿ ಇರುವುದೇ ಅದರಲ್ಲಿ. ಜೇನು ಬೇಡ, ಸಕ್ಕರೆ ನೀರು ಬೇಡ, ಹರಳೆಣ್ಣೆ ಬೇಡ. ನಾಲ್ಕರಿಂದ ಆರು ತಿಂಗಳು ಎದೆಹಾಲು ಬಿಟ್ಟರೆ ಕುಡಿಯುವ ನೀರೂ ಬೇಡ.

ಇದಿಷ್ಟನ್ನೂ ನಿಮ್ಮವ್ವನಿಗೆ ಕಡ್ಡಿ ಮುರಿದಂತೆ ಹೇಳು. ನೀನು ಮೇಷ್ಟ್ರು. ನಲವತ್ತು ಮಕ್ಕಳನ್ನು ಸುಮ್ಮನೆ ಕೂರಿಸುತ್ತೀಯ, ಹೆತ್ತವ್ವ ಎರ್ರಮ್ಮ ಒಬ್ಬಳಿಗೆ ಹೇಳಲಿಕ್ಕಾಗುವುದಿಲ್ಲವೇ?

ನಾನು ಬರಲಿಲ್ಲ ಎಂದು ಬರೆದಿದ್ದೀಯ. ಬೇರೆ ಯಾರಾದರೂ ಬರೆದಿದ್ದರೆ ನಗುತ್ತಿದ್ದೆ. ನೀನು ಹಾಗೆ ಬರೆಯಬಲ್ಲೆ ಎಂದು ಎಣಿಸಿರಲಿಲ್ಲ. ಇರಲಿ.

ರಮಾ


ಕೊಟ್ಟೂರು
2-8-1998

ರಮಾ,

ನಿನ್ನ ಕಾಗದ ಓದಿದರೆ ಸುತ್ತೋಲೆ ಓದಿದಂತಾಯಿತು. ನಮ್ಮ ಶಾಲೆಗೂ ಹೀಗೇ ಬರುತ್ತವೆ: 'ಮಕ್ಕಳಿಗೆ ಶೌಚಾಲಯ ಬಳಸುವಂತೆ ತಿಳಿವಳಿಕೆ ನೀಡತಕ್ಕದ್ದು.' ನಮ್ಮ ಶಾಲೆಯಲ್ಲಿ ಶೌಚಾಲಯವೇ ಇಲ್ಲ.

ಕಡ್ಡಿ ಮುರಿದಂತೆ ಹೇಳು ಎಂದೆಯಲ್ಲ, ಹೇಳಿದೆ. ಹೋದ ಸೋಮವಾರ ಅವ್ವ ಇಲ್ಲಿಗೆ ಬಂದಿದ್ದಳು. ರೊಟ್ಟಿ ಬಡಿಯುತ್ತಿದ್ದಳು. ಆಸ್ಪತ್ರೆ ಎಂದೆ. ಕೈ ನಿಲ್ಲಲಿಲ್ಲ. ಮೊದಲ ಹಾಲು ಎಂದೆ. ಆಗ ಕೈ ನಿಂತಿತು.

"ಆ ಹಾಲು ನೋಡೀಯೇನು ನೀನು? ಕೀವು ಇದ್ದಂಗ ಇರ್ತೈತಿ. ಒಂಬತ್ತು ತಿಂಗಳು ಎದ್ಯಾಗ ಕಟ್ಟಿಕೊಂಡಿದ್ದು. ಅದನ್ನ ಹಸಗೂಸಿನ ಹೊಟ್ಟಿಗೆ ಹಾಕ್ತಾರೇನು?"

"ಆಕಳು ಈದರ ಕರುವಿಗೆ ಮೊದಲು ಬಿಟ್ಟೇ ಗಿಣ್ಣ ಕಾಸ್ತೀವಲ್ಲವ್ವ" ಎಂದೆ.

"ನೀನೇನು ಆಕಳೇನು?"

ಇದಕ್ಕೆ ನಿನ್ನ ಇಲಾಖೆಯಲ್ಲಿ ಏನು ಉತ್ತರವಿದೆ?

ಆಮೇಲೆ, "ನಿಮ್ಮನ್ನ ಐದು ಮಂದೀನ ಹಂಗ ಸಾಕೀನಿ. ಒಬ್ರಾದ್ರೂ ಸತ್ತೀರೇನು?" ಎಂದಳು. ಅಂದ ಮೇಲೆ ತಾನೇ ಬಾಯಿ ಮುಚ್ಚಿಕೊಂಡಳು. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ಇಬ್ಬರೂ ತೆಗೆಯಲಿಲ್ಲ.

ಇನ್ನೊಂದು ವಿಷಯ. ಇದನ್ನು ಯಾರಿಗೂ ಹೇಳಿಲ್ಲ, ನಮ್ಮ ಮನೆಯವರಿಗೂ. ನನ್ನ ಮೊಲೆತೊಟ್ಟುಗಳು ಒಳಕ್ಕೆ ಸೇದಿಕೊಂಡಂತಿವೆ. ಹೋದ ಸಲ ಕೂಸು ಬಾಯಿ ಹಾಕದೆ ಇದ್ದದ್ದು ಅದಕ್ಕೇ ಎಂದು ಅಂಜಿನಕ್ಕ ಅವ್ವನ ಕಿವಿಯಲ್ಲಿ ಹೇಳಿದ್ದು ನನಗೆ ಕೇಳಿಸಿತ್ತು. "ನಿನ್ನ ಎದಿ ಕೂಸಿಗೆ ಒಗ್ಗಂಗಿಲ್ಲ" ಎಂದು ಅವ್ವ ಮುಖ ನೋಡದೆ ಹೇಳಿದಳು. ಹಾಗಾದರೆ ಹಾಲು ಚೆಲ್ಲಿದ್ದರಿಂದ ಅಲ್ಲ, ನನ್ನ ಮೈಯ ಊನದಿಂದಲೇ ಅದು ಹೋಯಿತೇ? ಇದನ್ನೇ ಕೇಳಬೇಕೆಂದು ಮೊದಲ ಕಾಗದ ಬರೆಯಲು ಕೂತಿದ್ದೆ. ಬರೆಯಲಾಗಲಿಲ್ಲ.

ಆ ಕೂಸು ಹೋಗಿ ಇವತ್ತಿಗೆ ಎರಡು ವರ್ಷ. ಆ ಒಂಬತ್ತು ದಿನ ನಾನು ಬಾಗಿಲನ್ನೇ ನೋಡುತ್ತಿದ್ದೆ, ರಮಾ. ನೀನು ಸೈಕಲ್ಲು ಹತ್ತಿದರೆ ಕಾಲು ಗಂಟೆ. ಸರ್ಕಾರ ನಿನಗೆ ಸಂಬಳ ಕೊಡುವುದು ಬಾಣಂತಿಯರನ್ನು ನೋಡಲೆಂದೇ ಅಲ್ಲವೇ?

ಗಂಗಾ


ಹೊಳಲು
14-8-1998

ಗಂಗಾ,

ಮೊದಲು ನಿನ್ನ ಮೈಯ ವಿಷಯ. ಅದು ಊನವಲ್ಲ. ಹತ್ತು ಜನರಲ್ಲಿ ಒಬ್ಬಳಿಗೆ ಹಾಗಿರುತ್ತದೆ. ಈ ಊರಿನಲ್ಲೇ ಅಂಥ ಮೂವರು ತಾಯಂದಿರು ಮಕ್ಕಳಿಗೆ ಹಾಲು ಕುಡಿಸುತ್ತಿದ್ದಾರೆ. ಮಗು ಕುಡಿಯುವುದು ತೊಟ್ಟಿನಿಂದಲ್ಲ. ಸುತ್ತಲಿನ ಕಪ್ಪು ಭಾಗವನ್ನೂ ಬಾಯಿತುಂಬ ಹಿಡಿಯಬೇಕು. ಹುಟ್ಟಿದ ಕೂಡಲೆ ಎದೆ ಮೆತ್ತಗಿರುವಾಗ ಹಾಕಿದರೆ ಕಲಿಯುತ್ತದೆ. ನಾಲ್ಕನೇ ದಿನ ಹಾಲು ತುಂಬಿ ಎದೆ ಕಲ್ಲಾಗಿರುವಾಗ, ಅಷ್ಟು ದಿನ ಜೇನು ಚೀಪಿದ ಮಗು ಹೇಗೆ ಹಿಡಿದೀತು? ನಮ್ಮ ತರಬೇತಿಯಲ್ಲಿ ಬಸುರಿಯರು ದಿನಾ ತೊಟ್ಟನ್ನು ಹೊರಗೆಳೆಯಬೇಕು ಎನ್ನುತ್ತಿದ್ದರು. ಈಗ ಅದರಿಂದ ಉಪಯೋಗವಿಲ್ಲ ಎನ್ನುತ್ತಾರೆ. ಏನೂ ಮಾಡಬೇಡ. ಹಿಂಡಬೇಡ, ಎಳೆಯಬೇಡ, ಯಾರಿಗೂ ಎಳೆಯಲು ಬಿಡಬೇಡ.

ನಿನ್ನ ಮೈಯಿಂದ ಆ ಮಗು ಹೋಗಲಿಲ್ಲ. ಬೇಕಾದರೆ ಬರೆದು ಸಹಿ ಹಾಕಿ ಕೊಡುತ್ತೇನೆ.

ನನ್ನ ಸಂಬಳದ ಮಾತಿಗೆ ಉತ್ತರ ಬರೆಯಲು ಮೂರು ಹಾಳೆ ಹರಿದೆ. ನಾಲ್ಕನೆಯದನ್ನು ಹರಿಯುವುದಿಲ್ಲ. ನೀನು ಎಲ್ಲ ಗೊತ್ತಿದ್ದೂ ನನ್ನನ್ನು ಕೇಳುತ್ತಿದ್ದೀಯ ಎಂದೇ ತಿಳಿಯುತ್ತೇನೆ. ಆಸ್ಪತ್ರೆ ಗೊತ್ತಾಯಿತೇ, ಗಾಡಿ ಗೊತ್ತಾಯಿತೇ, ಅಷ್ಟನ್ನು ಬರಿ.

ರಮಾ


ಬಾಗಳಿ
4-10-1998

ರಮಾ,

ಸೀಮಂತದ ಕುಬುಸ ಮುಗಿಸಿ ನನ್ನನ್ನು ಬಾಗಳಿಗೆ ಕರೆದುಕೊಂಡು ಬಂದಿದ್ದಾರೆ. ಶಾಲೆಗೆ ರಜೆ ಹಾಕಿದ್ದೇನೆ.

ಆಸ್ಪತ್ರೆ ಗೊತ್ತಾಗಲಿಲ್ಲ. ಗಾಡಿಯೂ ಇಲ್ಲ. ನಾನು ಒಪ್ಪಿಕೊಂಡುಬಿಟ್ಟೆ. ಸಿಟ್ಟು ಮಾಡಬೇಡ. ಅಪ್ಪ ಹರಪನಹಳ್ಳಿಗೆ ಹೋಗಿ ಬಂದು, "ಅಲ್ಲಿ ಬಾಣಂತ್ಯಾರು ಸಾಲಾಗಿ ಮಲಗ್ಯಾರ, ನಡುವ ಒಂದು ಪರದೆ ಇಲ್ಲ. ನಮ್ಮ ಮನಿ ಮಗಳು ಹಂಗ ಮಲಗೋದು ಬ್ಯಾಡ" ಎಂದ. ಅಂಜಿನಕ್ಕ ಹೊಟ್ಟೆ ಮುಟ್ಟಿ ನೋಡಿ ತಲೆ ಕೆಳಗಿದೆ ಎಂದಳು. ಹಳದಿ ಹಾಲಿನ ವಿಷಯ ಎತ್ತಿದರೆ ಅವ್ವ ಎದ್ದು ಹಿತ್ತಲಿಗೆ ಹೋಗುತ್ತಾಳೆ. ದಿನಾ ಒಂದೇ ಜಗಳ. ನನ್ನ ಪರವಾಗಿ ಒಬ್ಬರೂ ಇಲ್ಲ. ನಮ್ಮ ಮನೆಯವರು ಬಿಟ್ಟು ಹೋಗುವಾಗ, "ಅವ್ವನ ಕೂಡ ಬಾಯಿ ಮಾಡಬ್ಯಾಡ, ಬಿ.ಪಿ. ಏರ್ತೈತಿ" ಎಂದು ಹೇಳಿ ಹೋದರು.

ನನಗೆ ಸಾಕಾಗಿದೆ. ಪುಸ್ತಕದಲ್ಲಿ ಇರುವುದನ್ನು ಬರೆದು ಕಳಿಸುವುದು ನಿನಗೆ ಸುಲಭ. ಹೆತ್ತವ್ವನ ಎದುರಿಗೆ ನಿಲ್ಲುವುದು ಏನೆಂದು ನಿನಗೆ ಹೇಗೆ ತಿಳಿಯಬೇಕು? ನಿನಗೆ ತಾಯಿಯೂ ಇಲ್ಲ, ಮಕ್ಕಳೂ ಇಲ್ಲ.

ಇಲ್ಲಿಗೆ ಉತ್ತರ ಬರೆಯಬೇಡ. ನಮ್ಮಪ್ಪನ ಪದ್ಧತಿ ನಿನಗೆ ಗೊತ್ತಲ್ಲ, ಯಾರ ಹೆಸರಿಗೆ ಬಂದರೂ ಒಡೆದು ಪಡಸಾಲೆಯಲ್ಲಿ ಕೂತು ಜೋರಾಗಿ ಓದುತ್ತಾನೆ.

ಗಂಗಾ


ಹೊಳಲು
12-10-1998

ಗಂಗಾಂಬಿಕಾಳಿಗೆ,

ನಿಮ್ಮಪ್ಪ ಪಂಚಾಕ್ಷರಪ್ಪನವರು ಜೋರಾಗಿ ಓದಲಿ ಎಂದೇ ಬಾಗಳಿಗೆ ಬರೆಯುತ್ತಿದ್ದೇನೆ. ಅಪ್ಪಾರೇ, ನಡುವೆ ನಿಲ್ಲಿಸಬೇಡಿ. ಕಡೆಯವರೆಗೆ ಓದಿ.

ತಾಯಿ ಇಲ್ಲ, ಮಕ್ಕಳಿಲ್ಲ ಎಂದು ನೀನು ಬರೆದೆ. ಹೌದು, ಇಲ್ಲ. ಆದರೆ ನಾನು ಬರಲಿಲ್ಲ ಎನ್ನುವುದು ಸುಳ್ಳು. ನಾನು ಎರಡು ಸಲ ಬಂದಿದ್ದೆ.

ಹೆರಿಗೆಯಾದ ಮರುದಿನ ಬಂದೆ. ಅಪ್ಪಾರು ಹೊಲಕ್ಕೆ ಹೋಗಿದ್ದರು. ನಿಮ್ಮವ್ವ ಬಾಗಿಲಿಗೆ ಬಂದು, "ಬಾಣಂತಿ ಮಲಗ್ಯಾಳ, ಎಲ್ಲಾ ಚಲೋ ಐತಿ" ಎಂದರು. ಮಗುವನ್ನು ತೂಗುವ ಜೋಳಿಗೆ ತಂದಿದ್ದೆ. ಕಟ್ಟೆಯ ಮೇಲೆ ಒಂದು ತಾಸು ಕೂತೆ, ನೀನು ಏಳಬಹುದೆಂದು. ನಿಮ್ಮವ್ವ ಮತ್ತೆ ಹೊರಗೆ ಬರಲಿಲ್ಲ.

ಏಳನೇ ದಿನ ಮತ್ತೆ ಬಂದೆ. ಒಳಗೆ ಮಗು ಅಳುತ್ತಿತ್ತು. ಅದು ಅಳು ಅಲ್ಲ, ಬೆಕ್ಕಿನ ಮರಿಯ ದನಿ. ಆ ದನಿ ಏನೆಂದು ನನಗೆ ಗೊತ್ತು, ಅದಕ್ಕೇ ನನಗೆ ಸಂಬಳ. ಹೊಸ್ತಿಲಿಗೆ ಕಾಲಿಟ್ಟೆ. ನಿಮ್ಮವ್ವ ಅಡ್ಡ ನಿಂತರು. "ನೀ ಒಳಗ ಬರಬ್ಯಾಡವ್ವ. ಬಾಣಂತಿ ಕ್ವಾಣಿ ಐತಿ, ನಾಳಿ ಮಂದಿ ಏನಂತಾರ?" ಮಂದಿ ಏನು ಅನ್ನುತ್ತಾರೆ ಎನ್ನುವುದು ನನಗೂ ನಿಮ್ಮವ್ವನಿಗೂ ಚೆನ್ನಾಗಿ ಗೊತ್ತು, ಬಿಡಿಸಿ ಬರೆಯಬೇಕಿಲ್ಲ. ಹೈಸ್ಕೂಲಿನಲ್ಲಿದ್ದಾಗ ನಿಮ್ಮ ಮನೆಗೆ ಬಂದರೆ ನನಗೆ ನೀರು ಕೊಡುತ್ತಿದ್ದ ಲೋಟ ಯಾವ ಗೂಡಿನಲ್ಲಿ ಇರುತ್ತಿತ್ತು ಎನ್ನುವುದೂ ಗೊತ್ತು.

ನಾನು ನೂಕಿಕೊಂಡು ಒಳಗೆ ಬರಬೇಕಿತ್ತು. ಬರಲಿಲ್ಲ. ಉಪ್ಪು ಸಕ್ಕರೆ ದ್ರಾವಣದ ಪೊಟ್ಟಣ ಎರಡು ಕಟ್ಟೆಯ ಮೇಲಿಟ್ಟು ಹೋದೆ. ಅವಮಾನವಾಗಿತ್ತು. ಉಪಕೇಂದ್ರಕ್ಕೆ ಹೋಗಿ ರಿಜಿಸ್ಟರಿನಲ್ಲಿ 'ತಾಯಿ ಮಗು ಆರೋಗ್ಯ' ಎಂದು ಬರೆದೆ. ಅದರ ಎರಡು ದಿನಕ್ಕೆ ಮಗು ಹೋಯಿತು. ಅಲ್ಲಿ ಇರಲಾಗದೆ ವರ್ಗ ಕೇಳಿಕೊಂಡೆ. ಒಳಗಿನಿಂದ ನೀನೇ ಬೇಡ ಎಂದು ಹೇಳಿ ಕಳಿಸಿದ್ದೆ ಎಂದು ನಾನು ಎರಡು ವರ್ಷ ನಂಬಿದ್ದೆ. ನೀನು ಬಾಗಿಲನ್ನೇ ನೋಡುತ್ತಿದ್ದೆ ಎಂದು ಬರೆದ ಮೇಲೂ ನನಗೆ ನಂಬಿಕೆ ಬರಲಿಲ್ಲ.

ಈಗ ನಿನ್ನ ಇಷ್ಟ. ಹೆರುವವಳು ನೀನು.

ರಮಾ


ಬಾಗಳಿ
19-10-1998

ರಮಾ,

ಅಪ್ಪ ಓದಿದ.

'ಅಪ್ಪಾರೇ' ಎನ್ನುವಲ್ಲಿ ನಕ್ಕ. 'ಕಟ್ಟೆಯ ಮೇಲೆ' ಎನ್ನುವಲ್ಲಿ ದನಿ ಇಳಿಯಿತು. ಆಮೇಲೆ ಕನ್ನಡಕ ಒರೆಸಿಕೊಂಡು ಮತ್ತೆ ಓದಿದ, ನೀನು ಹೇಳಿದಂತೆ ಕಡೆಯವರೆಗೆ, ಲೋಟದ ಮಾತನ್ನೂ ಬಿಡದೆ. ಅವ್ವ ಮೊರದಲ್ಲಿ ತೊಗರಿ ಕೇರುತ್ತಿದ್ದಳು. ಓದು ಮುಗಿಯುವ ತನಕ ಕೇರಿದಳು.

"ಆ ಹುಡುಗಿ ಬಂದಿದ್ಲೇನು?" ಅಪ್ಪ ಕೇಳಿದ.

"ಬಂದಿದ್ಲು."

"ನನಗ್ಯಾಕ ಹೇಳ್ಲಿಲ್ಲ?"

ಅವ್ವ ಮೊರ ಕೆಳಗಿಟ್ಟಳು. "ನಾನೇನು ಕೂಸು ಸಾಯ್ಲಿ ಅಂತ ನಿಂತಿದ್ನೇನು ಬಾಗಿಲದಾಗ? ಹಿರ್ಯಾರು ಹೆಂಗ ಮಾಡಿದ್ರೋ ಹಂಗ ಮಾಡೀನಿ. ಮೂರೂ ಮಂದಿ ಕೂಡಿ ನನ್ನ ಪೊಲೀಸ್ರಿಗೆ ಹಿಡಕೊಡ್ರಿ!" ಎಂದು ಹಿತ್ತಲಿಗೆ ಹೋದಳು.

ನಾನು ಹಿಂದೆಯೇ ಹೋದೆ. ನನ್ನ ಜೀವಮಾನದಲ್ಲಿ ಅವ್ವನ ಎದುರು ಅಷ್ಟು ದನಿ ಎತ್ತಿರಲಿಲ್ಲ. "ನಾ ಒಳಗ ಆಕೀ ಹಾದಿ ನೋಡ್ತಿದ್ನೆವ್ವ. ನೀ ಹೊರಗಿಂದ ಹೊರಗ ಕಳಿಸೀದಿ. ನಾ ಹರಪನಳ್ಳಿಗೆ ಹೋಗಿ ಹಡೀತೀನಿ. ಸಾಲಾಗಿ ಮಲಗಸ್ಲಿ, ನೆಲದ ಮ್ಯಾಲ ಮಲಗಸ್ಲಿ. ನೀ ಬರಾಕಿದ್ರ ಬಾ, ಇಲ್ಲಾಂದ್ರ ಬ್ಯಾಡ" ಎಂದೆ. ಪಕ್ಕದ ಮನೆಯ ಬಂಗಾರಪ್ಪ ಗೋಡೆಯ ಮೇಲಿಂದ ಇಣುಕಿದ. ಇಣುಕಲಿ.

ಮರುದಿನ ಅಪ್ಪ ತಾನೇ ಹೋಗಿ ಜೀಪಿನ ಯರ್ರೆಪ್ಪನಿಗೆ ಹೇಳಿ ಬಂದ. ನಮ್ಮ ಮನೆಯವರಿಗೆ ಫೋನ್ ಮಾಡಿಸಿ ಕರೆಸಿದೆ. ಎಲ್ಲವನ್ನೂ ಹೇಳಿದೆ, ನನ್ನ ಮೈಯ ವಿಷಯವನ್ನೂ. "ನನಗ್ಯಾಕ ಮೊದ್ಲ ಹೇಳ್ಲಿಲ್ಲ?" ಎಂದರು. ನೀವು ಕೇಳಿದ್ದು ಯಾವಾಗ ಎಂದೆ.

ತಾಯಿ ಇಲ್ಲ, ಮಕ್ಕಳಿಲ್ಲ ಎಂದು ಬರೆದ ಕೈಯನ್ನು ಸುಟ್ಟುಕೊಳ್ಳಬೇಕು ಎನ್ನಿಸುತ್ತದೆ. ಲೋಟದ ಗೂಡು ನನಗೂ ಗೊತ್ತಿತ್ತು. ಗೊತ್ತಿದ್ದೂ ಅದರಲ್ಲೇ ನಿನಗೆ ನೀರು ತಂದುಕೊಡುತ್ತಿದ್ದವಳು ನಾನು. ಹೆರಿಗೆಗೆ ಬಾ ಎಂದು ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತೇನೆ. ನವೆಂಬರ್ ಕಡೆಯ ವಾರ. ಬರುತ್ತೀಯಾ?

ಗಂಗಾ


ಹೊಳಲು
30-10-1998

ಪ್ರೀತಿಯ ಗಂಗಾ,

ರಜೆ ಸಿಗುವುದಿಲ್ಲ. ಪಲ್ಸ್ ಪೋಲಿಯೊ ತಯಾರಿ ನಡೆದಿದೆ, ಆ ತಿಂಗಳು ಯಾರಿಗೂ ರಜೆ ಇಲ್ಲ. ಡಾಕ್ಟರನ್ನು ಎರಡು ಸಲ ಕೇಳಿದೆ. ಎರಡನೇ ಸಲ ಬೈಸಿಕೊಂಡೆ. ಸಿಟ್ಟು ಯಾರ ಮೇಲೆ ತೆಗೆಯಬೇಕೋ ತಿಳಿಯದೆ ಹಲ್ಲು ಕಚ್ಚಿಕೊಂಡು ತಿರುಗುತ್ತಿದ್ದೇನೆ.

ಮುಂದಿನದನ್ನು ನಿನಗಲ್ಲ, ನಿಮ್ಮವ್ವನಿಗೆ ಬರೆಯುತ್ತಿದ್ದೇನೆ. ಅಪ್ಪಾರಿಂದ ಓದಿಸು.

ಎರ್ರಮ್ಮಾರೇ, ಆಸ್ಪತ್ರೆಯಲ್ಲಿ ಗಂಗಾನ ಜೊತೆ ಇರುವವರು ನೀವೇ. ನರ್ಸುಗಳಿಗೆ ಇಪ್ಪತ್ತು ಜನರನ್ನು ನೋಡುವುದಿರುತ್ತದೆ. ಮಗುವನ್ನು ಒರೆಸಿದ ಕೂಡಲೆ ಬಟ್ಟೆ ಸುತ್ತದೆ ಆಕೆಯ ಎದೆಯ ಮೇಲೆ ಮಲಗಿಸಿ ಮೇಲೆ ಸೀರೆ ಹೊದಿಸಿ. ಬಾಯಿ ದೊಡ್ಡದಾಗಿ ತೆರೆಯುವ ತನಕ ಕಾಯಿರಿ, ತೆರೆದಾಗ ಮಗುವನ್ನು ಎದೆಗೆ ತನ್ನಿ. ಹಿಡಿಯದಿದ್ದರೆ ಗಾಬರಿ ಬೇಡ. ಕೈ ತೊಳೆದುಕೊಂಡು, ನೀರಿನಲ್ಲಿ ಕುದಿಸಿದ ಒಳಲೆಗೆ ಹಾಲು ಹಿಂಡಿ ಹನಿಹನಿಯಾಗಿ ಕುಡಿಸಿ, ಮತ್ತೆ ಎದೆಗೆ ಹಾಕಿ. ಒಂದು ದಿನವಾಗಲಿ, ಎರಡು ದಿನವಾಗಲಿ. ಹಾಲು ಹಿಂಡುವುದರಲ್ಲಿ ನಿಮ್ಮಷ್ಟು ಪಳಗಿದ ಕೈ ನಮ್ಮಲ್ಲಿ ಯಾರಿಗೂ ಇಲ್ಲ. ಈ ಸಲ ಚೆಲ್ಲಬೇಡಿ, ಅಷ್ಟೇ.

ರಮಾ


ಕೊಟ್ಟೂರು
20-12-1998

ಪ್ರೀತಿಯ ರಮಾ,

ಮಗಳು. ನವೆಂಬರ್ ಇಪ್ಪತ್ತಾರು, ಮಧ್ಯಾಹ್ನ. ಎರಡೂಮುಕ್ಕಾಲು ಕಿಲೋ ಎಂದು ಕ್ರಾಂತಿಕುಮಾರನ ಕೈಯಲ್ಲಿ ಹೇಳಿ ಕಳಿಸಿದ್ದೆ. ಉಳಿದದ್ದನ್ನು ಬರೆಯಲು ಇಂದು ಕೈ ಬಿಡುವಾಯಿತು.

ಸುಲಭವಾಗಲಿಲ್ಲ. ಹುಟ್ಟಿದ ಕೂಡಲೆ ಎದೆಯ ಮೇಲೆ ಹಾಕಿದರು, ಆದರೆ ಹಿಡಿಯಲಿಲ್ಲ. ಮೂಗು ಉಜ್ಜುತ್ತದೆ, ನೆಕ್ಕುತ್ತದೆ, ಜಾರುತ್ತದೆ, ಚೀರುತ್ತದೆ. ಸಂಜೆಯ ಹೊತ್ತಿಗೆ ನಾನೂ ಚೀರುತ್ತಿದ್ದೆ. ನನ್ನ ಎದೆಯನ್ನು ನಾನೇ ಬೈದುಕೊಂಡೆ, ನಿನ್ನನ್ನೂ ಬೈದೆ. ಪಕ್ಕದ ಮಂಚದ ಅಜ್ಜಿ ಜೇನಿನ ಸೀಸೆ ಹಿಡಿದು ಬಂದಳು. ನಮ್ಮ ಮನೆಯವರು ಹೊರಗೆ ಹೋಗಿ ಹಾಲಿನ ಪುಡಿಯ ಡಬ್ಬಿ ತಂದು, "ಹಸಿದು ಅಳ್ತೈತಲ್ಲ, ಒಂದು ಸಲ ಕುಡಿಸೋಣು" ಎಂದರು. ನಾನು ಕೊಡಿ ಎಂದು ಕೈ ಚಾಚಿದೆ. ನಿನಗೆ ಸುಳ್ಳು ಬರೆಯುವುದಿಲ್ಲ, ಚಾಚಿದೆ.

ಅಳಿಯನ ಮುಂದೆ ಇವತ್ತಿಗೂ ಸೆರಗು ಹೊದ್ದು ಮಾತಾಡುವ ಅವ್ವ ಎದ್ದು ನಿಂತು, "ಹೊರಗ ನಡ್ರಿ, ಡಬ್ಬಿ ತಗೊಂಡು ಹೊರಗ ನಡ್ರಿ" ಎಂದಳು. ಅಜ್ಜಿಯನ್ನೂ ಕಳಿಸಿದಳು. ಆಮೇಲೆ ಕೈ ತೊಳೆದು ಬಂದು ನನ್ನ ಹಿಂದೆ ಕೂತು ಹಿಂಡಿದಳು. ಬಂದದ್ದು ಎಷ್ಟು ಗೊತ್ತೇ, ಒಳಲೆಯ ತಳ ಒದ್ದೆಯಾಗುವಷ್ಟು. ಅರಿಷಿಣದ ಬಣ್ಣ. ಅದನ್ನು ನೋಡಿ ಅವ್ವ ಮುಖ ಕಿವಿಚಿದಳು. ಆಕೆಗೆ ಈಗಲೂ ಅದು ಕೀವಿನಂತೆಯೇ ಕಾಣುತ್ತದೆ, ನನಗೆ ಗೊತ್ತಾಯಿತು. ಆದರೂ ಕುಡಿಸಿದಳು. ಎರಡು ತಾಸಿಗೊಮ್ಮೆ ಹಿಂಡುವುದು, ಕುಡಿಸುವುದು, ಎದೆಗೆ ಹಾಕುವುದು. ಮೂರನೇ ದಿನ ಬೆಳಿಗ್ಗೆ, ನಾನು ಇನ್ನು ಸಾಕು ಎನ್ನುವ ಹೊತ್ತಿಗೆ, ಹಿಡಿಯಿತು. ಎಷ್ಟು ನೋವಾಯಿತೆಂದರೆ ಮಂಚದ ಪಟ್ಟಿ ಹಿಡಿದುಕೊಂಡೆ. ಆ ನೋವಿನ ವಿಷಯ ನಿನ್ನ ಯಾವ ಕಾಗದದಲ್ಲೂ ಇರಲಿಲ್ಲ. ಬಿರುಕು ಬಿಟ್ಟು ರಕ್ತ ಬಂತು. ಈಗ ಮಾಯುತ್ತಿದೆ.

ಬಾಗಳಿಗೆ ಹೋಗಲಿಲ್ಲ. ಆ ಕೋಣೆಯಲ್ಲಿ ಮಲಗಲಾರೆ ಎಂದೆ. ಆಸ್ಪತ್ರೆಯಿಂದ ನೇರ ಕೊಟ್ಟೂರಿಗೆ ಬಂದೆ. ಬಾಣಂತನ ಅತ್ತೆ ಮನೆಯಲ್ಲೇ ಎಂದು ಓಣಿಯ ಮಂದಿ ಆಡಿಕೊಂಡರು. ಎರಡು ದಿನ ಬಿಟ್ಟು ಅವ್ವ ಕರೆಯದೆ ಬಂದಳು, ಗಂಟು ಹೊತ್ತುಕೊಂಡು. ನಾನು ಬಾ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಎಣ್ಣೆ ಹಚ್ಚುತ್ತಾಳೆ, ನೀರು ಹಾಕುತ್ತಾಳೆ, ಮೆಂತ್ಯದ ಗಂಜಿ ಕಾಸುತ್ತಾಳೆ. ಬೇಕಾದಷ್ಟೇ ಮಾತು. ಆಕೆಯ ಮೇಲಿನ ಸಿಟ್ಟು ಇಳಿದಿಲ್ಲ. ಇಳಿಯುತ್ತದೆ ಎಂದುಕೊಂಡಿದ್ದೆ, ಮಗುವಿನ ಮುಖ ನೋಡಿದ ಕೂಡಲೆ ಎಲ್ಲ ಮರೆತುಹೋಗುತ್ತದೆ ಎಂದು. ಆಗಲಿಲ್ಲ.

ನಿನ್ನೆ ಮಧ್ಯಾಹ್ನ ನೀರು ಹಾಕಿದ ಮೇಲೆ ಕೂಸಿಗೆ ಹಾಲು ಕೊಡುತ್ತಿದ್ದೆ. ಗುಟುಕು ಗುಟುಕು ಎಂದು ಕೇಳಿಸುವಂತೆ ಕುಡಿಯುತ್ತಿತ್ತು. ಅವ್ವ ನನ್ನ ತಲೆ ಒರೆಸುತ್ತಿದ್ದವಳು ಕೈ ನಿಲ್ಲಿಸಿ ಅದನ್ನೇ ನೋಡಿದಳು. "ಗಂಗಾ, ಹಂಗಾದ್ರ ಆ ಕೂಸೂ ಹಿಂಗ ಕುಡೀತಿತ್ತೇನು?" ಎಂದಳು.

ಎರಡು ವರ್ಷದಿಂದ ನಾನು ಮನಸ್ಸಿನಲ್ಲೇ ಆಕೆಗೆ 'ಹೌದು, ಕುಡೀತಿತ್ತು' ಎನ್ನುವ ಉತ್ತರವನ್ನು ಎಷ್ಟು ಸಲ ಕೊಟ್ಟಿದ್ದೆನೋ. ಈಗ ತಾನಾಗಿ ಕೇಳಿದಳು. ಬಾಯಿ ತೆರೆದೆ.

"ಗೊತ್ತಿಲ್ಲವ್ವ" ಎಂದೆ.

ಆಕೆ ನಂಬಲಿಲ್ಲ. ನನ್ನ ತಲೆ ಒರೆಸುವುದನ್ನು ಮತ್ತೆ ಶುರು ಮಾಡಿದಳು, ಒಣಗಿದ ಕೂದಲನ್ನೇ ಒರೆಸುತ್ತಾ ಇದ್ದಳು. ಯಾಕೆ ಹಾಗೆಂದೆ ಎಂದು ನನ್ನನ್ನು ಕೇಳಬೇಡ. ಕರುಣೆ ಎಂದರೆ ನನಗೇ ನಗು ಬರುತ್ತದೆ.

ಬರುವ ಭಾನುವಾರ ಬಾ. ಬೆಳಗಿನ ಬಸ್ಸಿಗೆ ಬಂದರೆ ಊಟ ಇಲ್ಲೇ, ನನ್ನ ಪಕ್ಕದಲ್ಲಿ ಕೂತು. ಅವ್ವ ಇರುತ್ತಾಳೆ. ನೀನು ಬರುವ ವಿಷಯ ಹೇಳಿದ್ದೇನೆ. "ಬರ್ಲಿ" ಎಂದಳು, ಅಷ್ಟೇ. ಆಕೆ ನಿನ್ನನ್ನು ಏನು ಕೇಳುತ್ತಾಳೋ, ನೀನು ಏನು ಹೇಳುತ್ತೀಯೋ ನನಗೆ ತಿಳಿಯದು. ನಾನು ನಡುವೆ ಬಾಯಿ ಹಾಕುವುದಿಲ್ಲ.

ಕೂಸು ಎದ್ದಿತು, ಹಸಿದಿದೆ. ನಿಲ್ಲಿಸುತ್ತೇನೆ.

ನಿನ್ನ
ಗಂಗಾ